ಕಾರಿಗೆ ಬೇಕಾದದ್ದು ಎರಡು ಪಟ್ಟಿ: ಒಂದು ಡ್ರೈವ್‌ವೇಯ ಪ್ರಕರಣ ಅಧ್ಯಯನ

ಗೇಟಿನಿಂದ ಮನೆ ಬಾಗಿಲಿಗೆ 20 ಮೀಟರ್ ಉದ್ದ, 3 ಮೀಟರ್ ಅಗಲ. ಅಷ್ಟಕ್ಕೂ ಕಾಂಕ್ರೀಟ್. ಹಿಂದಿನ ಮಾಲೀಕರು ಹಾಕಿಸಿದ್ದು. ಮನೆ ಕೊಂಡಾಗ ಅದನ್ನು ನೋಡಿ ಖುಷಿಪಟ್ಟಿದ್ದೆವು. ಕೆಸರಿಲ್ಲ, ಕಳೆ ಇಲ್ಲ, ಗುಡಿಸಿದರೆ ಆಯಿತು. ಮೊದಲ ಜೋರು ಮಳೆ ಬಂದ ದಿನ ನೀರು ಕಾರಿನ ಹಾಗೆಯೇ ಗೇಟಿನಿಂದ ನೆಟ್ಟಗೆ ಒಳಗೆ ಬಂತು. ಮೆಟ್ಟಿಲ ಬಳಿ ನಿಂತಿತು. ಇನ್ನೊಂದು ಅರ್ಧ ಗಂಟೆ ಸುರಿದಿದ್ದರೆ ಹೊಸ್ತಿಲು ದಾಟುತ್ತಿತ್ತು.

ಗೇಟಿನ ಕಡೆ ಎತ್ತರ, ಮನೆಯ ಕಡೆ ತಗ್ಗು. ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡಿದಾಗ 20 ಮೀಟರಿಗೆ 40 ಸೆಂಟಿಮೀಟರ್ ಇಳಿಜಾರು ಬಂತು. ಜೊತೆಗೆ ಅಲ್ಲಲ್ಲಿ ಬಿರುಕು. ಕರೆಸಿದ ಮೇಸ್ತ್ರಿ ಒಂದು ಸುತ್ತು ನಡೆದು ಬಂದು ಹೇಳಿದರು: “ಇದನ್ನೆಲ್ಲ ಒಡೆದುಬಿಡೋಣ ಸರ್. ರಸ್ತೆ ಕಡೆ ಸ್ಲೋಪ್ ಕೊಟ್ಟು ಹೊಸದಾಗಿ ಕಾಂಕ್ರೀಟ್ ಹಾಕೋಣ. ನೀರು ಚರಂಡಿಗೆ ಹೋಗುತ್ತೆ, ನಿಮಗ್ಯಾಕೆ ಚಿಂತೆ?”

ಮಾತು ಸರಿಯಾಗಿಯೇ ಇತ್ತು. ನಾನೂ ಹೂಂ ಅನ್ನುವುದರಲ್ಲಿದ್ದೆ. ರಾತ್ರಿ ಸುಮ್ನೆ ಒಂದು ಲೆಕ್ಕ ಹಾಕಿದೆ, ಅಲ್ಲಿಂದ ಎಲ್ಲ ಬದಲಾಯಿತು.

ನೀರಿನ ಲೆಕ್ಕ, ಸಿಮೆಂಟಿನ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ದಾರಿ 60 ಚದರ ಮೀಟರ್. ಒಂದು ಜೋರು ಮಳೆಗೆ 40 ಮಿಲಿಮೀಟರ್ ಬಿತ್ತು ಅಂದುಕೊಳ್ಳಿ. 2,400 ಲೀಟರ್ ಆಯಿತು. ಇನ್ನೂರು ಲೀಟರಿನ ಹನ್ನೆರಡು ಡ್ರಮ್ಮು. ಕಾಂಕ್ರೀಟಿನಲ್ಲಿ ಹೆಚ್ಚುಕಮ್ಮಿ ಏನೂ ಇಂಗುವುದಿಲ್ಲ. ಇಷ್ಟು ನೀರನ್ನು ಚರಂಡಿಗೆ ತಿರುಗಿಸಿದರೆ ನಮ್ಮ ಮೆಟ್ಟಿಲು ಬಚಾವ್, ತಗ್ಗಿನಲ್ಲಿರುವ ಬೇರೆ ಯಾರದೋ ಮೆಟ್ಟಿಲಿಗೆ ಕಷ್ಟ. ಹೋಗುವಾಗ ಎಂಜಿನ್ ಎಣ್ಣೆಯ ಹನಿ, ಟೈರು ಸವೆದ ಪುಡಿ, ಬ್ರೇಕಿನ ಧೂಳು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಇಂಗ್ಲೆಂಡಿನಲ್ಲಿ 2008ರಿಂದ ಇದಕ್ಕೇ ಒಂದು ನಿಯಮ ಇದೆ. ಮನೆಯ ಮುಂದೆ 5 ಚದರ ಮೀಟರಿಗಿಂತ ಜಾಸ್ತಿ ಜಾಗಕ್ಕೆ ನೀರು ಇಂಗದ ಹಾಸು ಹಾಕಿ, ಆ ನೀರನ್ನು ನೇರ ರಸ್ತೆಗೆ ಬಿಡುವುದಾದರೆ ಮೊದಲು ಅನುಮತಿ ಪಡೆಯಬೇಕು.

ಇನ್ನು ಸಿಮೆಂಟು. ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟರೆ ಕ್ಲಿಂಕರ್ ಬರುತ್ತದೆ, ಅಂದರೆ ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆಗಳು. ಉರುವಲಿನ ಹೊಗೆ ಒಂದು ಕಡೆ ಇರಲಿ, ಸುಣ್ಣದ ಕಲ್ಲೇ ಒಡೆದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಒಟ್ಟು ಹೊಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕಲ್ಲಿನೊಳಗಿಂದಲೇ ಬರುವುದು. ಹಾಗಾಗಿ ಉರುವಲು ಬದಲಾಯಿಸಿದರೂ ಪೂರ್ತಿ ತಪ್ಪುವುದಿಲ್ಲ. ಜಗತ್ತಿನ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಶೇಕಡಾ 7ರಿಂದ 8. ಹೊಸದಾಗಿ 10 ಸೆಂಟಿಮೀಟರ್ ದಪ್ಪ ಕಾಂಕ್ರೀಟ್ ಹಾಕಿದರೆ ನಮಗೆ 6 ಘನ ಮೀಟರ್ ಬೇಕು. ಘನ ಮೀಟರಿಗೆ 300 ಕೆಜಿ ಸಿಮೆಂಟ್ ಅಂದರೂ 1,800 ಕೆಜಿ. ಮಾಮೂಲಿ ಸಿಮೆಂಟಿಗೆ ಕೆಜಿಗೆ 0.8ರಿಂದ 0.9 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿದರೆ ಹತ್ತಿರ ಹತ್ತಿರ ಒಂದೂವರೆ ಟನ್. ಒಂದು ಕಾರು ಬಂದು ನಿಲ್ಲುವುದಕ್ಕೆ!

ನೋಡಿದ್ದು, ಬಿಟ್ಟದ್ದು

ಮುಂದಿನ ಮೂರು ವಾರ “ಪರಿಸರಸ್ನೇಹಿ” ಅಂತ ಹೆಸರಿಟ್ಟುಕೊಂಡ ಎಲ್ಲವನ್ನೂ ನೋಡಿದೆ. ಆ ಪದದ ಮೇಲೆ ನನಗೆ ಈಗ ಅಷ್ಟು ನಂಬಿಕೆ ಇಲ್ಲ. ಒಂದು ಮನೆಗೆ ಸರಿಹೋಗುವುದು ಇನ್ನೊಂದು ಮನೆಗೆ ಶುದ್ಧ ತಪ್ಪಾಗಬಹುದು.

ಜಲ್ಲಿ ಹರಡುವುದು ಎಲ್ಲಕ್ಕಿಂತ ಸುಲಭ. ಸಿಮೆಂಟ್ ಬೇಡ, ನೀರು ಇಂಗುತ್ತದೆ, ಮುಂದೆ ಬೇಡ ಅನ್ನಿಸಿದರೆ ಬಾಚಿ ಬೇರೆಡೆ ಬಳಸಬಹುದು. ಆದರೆ ನುಣ್ಣನೆಯ ದುಂಡು ಕಲ್ಲು ತಂದರೆ ಕೆಟ್ಟಿತು. ಟೈರಿನ ಕೆಳಗೆ ಗೋಲಿಯ ಹಾಗೆ ಉರುಳುತ್ತದೆ. ಮೂಲೆ ಮೂಲೆ ಇರುವ ಒಡೆದ ಜಲ್ಲಿಯೇ ಬೇಕು, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ನಾನು ಇದನ್ನೇ ಆರಿಸುತ್ತಿದ್ದೆನೇನೋ. ಆದರೆ ಅಮ್ಮ ವಾಕರ್ ಹಿಡಿದು ನಡೆಯುತ್ತಾರೆ. “ಕಲ್ಲಿನ ಮೇಲೆ ನನ್ನನ್ನು ನಡೆಸ್ತೀಯೇನೋ?” ಅಂತ ಅವರು ಕೇಳಿದ್ದೇ ತಡ, ಆ ಮಾತು ಅಲ್ಲಿಗೆ ಮುಗಿಯಿತು. ಪರಿಸರದ ಪಟ್ಟಿಗಳಲ್ಲಿ ಈ ವಿಷಯ ಯಾಕೋ ಬರುವುದೇ ಇಲ್ಲ. ಗಾಲಿಕುರ್ಚಿ, ವಾಕರ್, ಮಗುವಿನ ಗಾಡಿ ಇರುವ ಮನೆಯಲ್ಲಿ ಮೊದಲು ನೋಡಬೇಕಾದದ್ದೇ ಅದು.

ತೂತುಗಳಲ್ಲಿ ಹುಲ್ಲು ಬೆಳೆಯುವ ಜಾಲರಿ ಬ್ಲಾಕುಗಳು ಚಿತ್ರದಲ್ಲಿ ಚೆಂದ. ನಮ್ಮ ಕಾರು ದಿನದ ಹೆಚ್ಚು ಹೊತ್ತು ಒಂದೇ ಜಾಗದಲ್ಲಿ ನಿಂತಿರುತ್ತದೆ. ಅದರ ನೆರಳಿನಲ್ಲಿ ಯಾವ ಹುಲ್ಲು ಬದುಕೀತು? ಆಗೊಮ್ಮೆ ಈಗೊಮ್ಮೆ ವಾಹನ ನಿಲ್ಲುವ ಕಡೆಗೆ ಅದು ಸರಿ. ಪ್ಲಾಸ್ಟಿಕ್ ಜಾಲರಿಯಾದರೆ ಬಿಸಿಲಿಗೆ ಬಿಟ್ಟ ಅಂಚು ವರ್ಷ ಕಳೆದಂತೆ ಪುಡಿಯಾಗಿ ಮಣ್ಣು ಸೇರುತ್ತದೆ, ಮರುಬಳಕೆಯ ಪ್ಲಾಸ್ಟಿಕ್ ಆದರೂ ಅಷ್ಟೇ.

ಡಾಂಬರು ಬೇಡವೇ ಬೇಡ ಅನ್ನಿಸಿತು. ಕಪ್ಪು ಮೈ ಬಿಸಿಲನ್ನು ಹೀರಿ ಸಂಜೆಯವರೆಗೂ ಕಾಯುತ್ತಲೇ ಇರುತ್ತದೆ. ಈಗಾಗಲೇ ಡಾಂಬರು ಇರುವವರಿಗೆ ಒಂದು ಮಾತು. ಮೇಲೆ ಬಳಿಯುವ ಸೀಲರ್ ಡಬ್ಬದ ಮೇಲೆ ಕೋಲ್ ಟಾರ್ ಅಂತ ಇದ್ದರೆ ವಾಪಸ್ ಇಟ್ಟುಬಿಡಿ. ಅದರಲ್ಲಿ ಕ್ಯಾನ್ಸರ್ ತರಬಲ್ಲ ಪಿಎಎಚ್ ಎಂಬ ರಾಸಾಯನಿಕಗಳು ತುಂಬಾ ಇವೆ. ಸವೆದ ಪುಡಿ ಮಳೆ ನೀರಿನ ಜೊತೆ ಹಳ್ಳಕ್ಕೂ, ಚಪ್ಪಲಿಯ ಜೊತೆ ಮನೆಯೊಳಕ್ಕೂ ಬರುತ್ತದೆ. ಅಮೆರಿಕದ ಆಸ್ಟಿನ್ ನಗರ 2006ರಲ್ಲೇ ಇದನ್ನು ನಿಷೇಧಿಸಿತು.

ನೀರು ಇಳಿಯುವ ಕಾಂಕ್ರೀಟ್ ಅಂತ ಒಂದಿದೆ. ಮರಳು ಹಾಕದೆ, ಇಲ್ಲವೇ ತೀರಾ ಕಮ್ಮಿ ಹಾಕಿ, ಜಲ್ಲಿಗೆ ಸಿಮೆಂಟ್ ಅಂಟು ಮಾತ್ರ ಸವರಿದಂತೆ ಕಲಸುವುದು. ಶೇಕಡಾ 15ರಿಂದ 25ರಷ್ಟು ತೂತು ಉಳಿಯುತ್ತದೆ. ಕಲಸುವಾಗ ನೀರು ಸ್ವಲ್ಪ ಜಾಸ್ತಿಯಾದರೆ ಅಂಟು ಕೆಳಗಿಳಿದು ತಳ ಮುಚ್ಚಿಕೊಳ್ಳುತ್ತದೆ, ಕಮ್ಮಿಯಾದರೆ ಮೇಲೆ ಉದುರುತ್ತದೆ. ಕೈ ಪಳಗಿದವರು ಸಿಗದೆ ಇದಕ್ಕೆ ಕೈ ಹಾಕಬಾರದು. ನಮಗೆ ಸಿಗಲಿಲ್ಲ.

ಟೈರಿನ ಗುರುತು

ನಿಜವಾದ ಉಪಾಯ ಹೊಳೆದದ್ದು ಕಾಂಕ್ರೀಟಿನ ಮೇಲಿನ ಕೊಳೆ ನೋಡಿ. ಒಂದು ಬೆಳಿಗ್ಗೆ ಗೇಟಿನ ಬಳಿ ನಿಂತಿದ್ದೆ. ದಾರಿಯುದ್ದಕ್ಕೂ ಎರಡು ಕಪ್ಪು ಗೆರೆ ಕಂಡವು. ವರ್ಷಗಟ್ಟಲೆ ಟೈರು ಓಡಿದ ಗುರುತು. ಉಳಿದ ಜಾಗದಲ್ಲಿ ಪಾಚಿ ಕಟ್ಟಿತ್ತು. ಟೈರು ಸೋಕಿದ್ದರೆ ಪಾಚಿ ಎಲ್ಲಿ ಉಳಿಯುತ್ತಿತ್ತು? ಚಾಕ್‌ಪೀಸ್ ತಂದು ಅಳೆದೆ. ಟೈರಿನ ಅಗಲ ಸುಮಾರು 20 ಸೆಂಟಿಮೀಟರ್. ಆಚೀಚೆ ವಾಲಿದ್ದನ್ನೂ ಸೇರಿಸಿದರೆ ಒಂದೊಂದು ಗೆರೆ 45 ಸೆಂಟಿಮೀಟರ್ ದಾಟಲಿಲ್ಲ. ಮೂರು ಮೀಟರ್ ಅಗಲದಲ್ಲಿ ಕಾರು ಬಳಸುತ್ತಿದ್ದದ್ದು ಒಂದು ಮೀಟರಿಗಿಂತ ಕಮ್ಮಿ!

ಹಾಗಾದರೆ ಹೊಸದಾಗಿ ಏನು ಹಾಕಬೇಕು ಅನ್ನುವ ಪ್ರಶ್ನೆಯನ್ನೇ ಬಿಟ್ಟು, ಇರುವುದರಲ್ಲಿ ಎಷ್ಟು ತೆಗೆಯಬಹುದು ಅಂತ ಯೋಚಿಸಿದೆ. ಹಳೆಯ ಕಾಂಕ್ರೀಟಿನ ಹೊಗೆ ಯಾವತ್ತೋ ಹೋಗಿ ಆಗಿದೆ. ಅದನ್ನು ಒಡೆದರೆ ಆ ಹೊಗೆ ವಾಪಸ್ ಬರುವುದಿಲ್ಲ. ಬಿರುಕು ಇದ್ದರೂ ತುಂಡುಗಳು ಅಲುಗಾಡದಿದ್ದರೆ ಕಾರಿಗೆ ಏನೂ ತೊಂದರೆ ಇಲ್ಲ.

ಮೇಸ್ತ್ರಿಗೆ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹಾಕೋದು ನಮಗೆ ಗೊತ್ತು ಸರ್. ಹೀಗೆ ಅರ್ಧ ಬಿಡೋದು ಹೊಸದು,” ಅಂದರು.

ಕೊನೆಗೆ ಆದದ್ದು ಇಷ್ಟು. ಗೇಟಿನಿಂದ 11 ಮೀಟರ್ ಉದ್ದಕ್ಕೆ ಎರಡು ಪಟ್ಟಿ ಮಾತ್ರ ಉಳಿಸಿ ಉಳಿದ ಕಾಂಕ್ರೀಟನ್ನು ಮೆಷಿನ್ನಿನಿಂದ ಕೊಯ್ದು ತೆಗೆದೆವು. ಒಂದು ಪಟ್ಟಿ 65 ಸೆಂಟಿಮೀಟರ್, ಇನ್ನೊಂದು ಅಮ್ಮನ ವಾಕರ್‌ಗಾಗಿ ಪೂರ್ತಿ ಒಂದು ಮೀಟರ್. ನಡುವೆ 85 ಸೆಂಟಿಮೀಟರ್ ಮಣ್ಣು. ಆಮೇಲಿನ 6 ಮೀಟರ್ ಕಾರು ನಿಲ್ಲುವ ಜಾಗ, ಅಲ್ಲಿ ಮಾತ್ರ ನೀರು ಇಳಿಯುವ ಪೇವರ್, ಅಂದರೆ ಸಂದು ಬಿಟ್ಟು ಜೋಡಿಸುವ ಬ್ಲಾಕು. ನೀರು ಆ ಸಂದಿನಿಂದ ಕೆಳಗಿನ ಜಲ್ಲಿಗೆ ಇಳಿಯುತ್ತದೆ. ಮನೆಗೆ ತಾಗಿದ ಕೊನೆಯ 3 ಮೀಟರ್ ಕಾಂಕ್ರೀಟ್ ಹಾಗೆಯೇ ಉಳಿಯಿತು. ಪಾಯದ ಪಕ್ಕದಲ್ಲೇ ನೀರು ಇಂಗಿಸುವುದು ಒಳ್ಳೆಯದಲ್ಲ, 3 ಮೀಟರ್ ದೂರ ಬಿಡುವುದು ರೂಢಿ. ಅದರ ಮೇಲೆ ತೆಳುವಾಗಿ ಒಂದು ಪದರ ಹಾಕಿ ಇಳಿಜಾರನ್ನು ಮನೆಯಿಂದ ಆಚೆಗೆ ತಿರುಗಿಸಿದೆವು.

ಲೆಕ್ಕ ಹೀಗೆ ಬಂತು: 60 ಚದರ ಮೀಟರಿನಲ್ಲಿ 27 ಗಟ್ಟಿ, 18 ನೀರು ಇಳಿಯುವ ಪೇವರ್, 15 ಬರೀ ಮಣ್ಣು. ಪೇವರ್ ಕೂಡ ಸಿಮೆಂಟಿನದೇ, ಅದನ್ನು ಮುಚ್ಚಿಡಬಾರದು. 8 ಸೆಂಟಿಮೀಟರ್ ದಪ್ಪದ್ದು 18 ಚದರ ಮೀಟರಿಗೆ ಅಂದರೆ ಅರ್ಧ ಟನ್ನಿನ ಆಸುಪಾಸು ಸಿಮೆಂಟು. ಸಿಮೆಂಟಿನ ಒಂದು ಪಾಲಿನ ಬದಲು ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕುಲುಮೆಯಲ್ಲಿ ಉಳಿಯುವ ಕಸ) ಪುಡಿ ಬೆರೆಸಿದ ಪೇವರ್ ಕೇಳಿ ತರಿಸಿದ್ದರಿಂದ ಅದರಲ್ಲೂ ಸ್ವಲ್ಪ ಇಳಿಯಿತು. ಹೇಗೆ ನೋಡಿದರೂ 1,800 ಕೆಜಿಯ ಹತ್ತಿರಕ್ಕೂ ಹೋಗಲಿಲ್ಲ.

ಕೊಯ್ಯುವಾಗ ನೀರು ಹಾಯಿಸುತ್ತಲೇ ಕೊಯ್ಯಿಸಿ. ಒಣ ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮಾಸ್ಕ್ ಹೇಗೂ ಬೇಕು. ಹರಿದು ಬರುವ ಬೂದು ರಾಡಿ ತುಂಬಾ ಕ್ಷಾರ. ಅದನ್ನು ಚರಂಡಿಗೂ ಗಿಡದ ಬುಡಕ್ಕೂ ಬಿಡದೆ ಒಂದು ಕಡೆ ಒಣಗಲು ಬಿಟ್ಟು ಕೆರೆದು ತೆಗೆದೆವು.

ಬಕೆಟ್ ಪರೀಕ್ಷೆ

ಪೇವರ್ ಹಾಕುವ ಮುಂಚೆ ಕೆಳಗಿನ ಮಣ್ಣು ಎಷ್ಟು ನೀರು ಕುಡಿಯುತ್ತದೆ ಅಂತ ತಿಳಿಯಬೇಕಿತ್ತು. ಹಾಸಿನ ತಳ ಬರುವ ಆಳದಲ್ಲಿ 30 ಸೆಂಟಿಮೀಟರಿನ ಒಂದು ಗುಂಡಿ ತೋಡಿ, ರಾತ್ರಿ ನೀರು ತುಂಬಿ ನೆನೆಯಲು ಬಿಟ್ಟೆ. ಮರುದಿನ ಮತ್ತೆ ತುಂಬಿ ಸ್ಕೇಲ್ ಇಟ್ಟು ನೋಡಿದೆ. ಗಂಟೆಗೆ 4 ಮಿಲಿಮೀಟರ್ ಇಳಿಯಿತು, ಅಷ್ಟೇ. ಜೇಡಿಮಣ್ಣು. ಗುಂಡಿಯ ಪಕ್ಕದ ಗೋಡೆಗಳಿಂದಲೂ ನೀರು ಇಂಗುತ್ತದಲ್ವಾ, ಹಾಗಾಗಿ ಅದರಲ್ಲೂ ಅರ್ಧ ಹಿಡಿಯುವುದೇ ಸರಿ. ಗಂಟೆಗೆ 2 ಮಿಲಿಮೀಟರ್.

ಇಷ್ಟು ನಿಧಾನದ ಮಣ್ಣಿನ ಮೇಲೆ ಇಂಗಿಸುವುದು ಆಗದ ಮಾತು ಅಂತ ಮೇಸ್ತ್ರಿ ತಲೆ ಆಡಿಸಿದರು. ಆಗ 10 ಲೀಟರಿನ ಬಕೆಟ್ ತಂದೆ. ಅದರ ತುಂಬ ತೊಳೆದ 20 ಎಂಎಂ ಜಲ್ಲಿ ತುಂಬಿಸಿದೆ.

“ಬಕೆಟ್ ತುಂಬಿದೆ ಅಲ್ವಾ ಮೇಸ್ತ್ರಿಗಳೇ? ಇನ್ನೆಷ್ಟು ನೀರು ಹಿಡಿಸುತ್ತೆ ಹೇಳಿ.”

“ಒಂದು ಲೀಟರ್ ಹಿಡಿದರೆ ಜಾಸ್ತಿ.”

ಚೊಂಬಿನಲ್ಲಿ ಅಳೆದು ಹಾಕಿದೆವು. ಹತ್ತಿರ ಹತ್ತಿರ 4 ಲೀಟರ್ ಹೋಯಿತು. ಒಂದೇ ಅಳತೆಯ ಒಡೆದ ಜಲ್ಲಿಯಲ್ಲಿ ಶೇಕಡಾ 40ರಷ್ಟು ಖಾಲಿ ಜಾಗವೇ ಇರುತ್ತದೆ. 30 ಸೆಂಟಿಮೀಟರ್ ಜಲ್ಲಿ ಹಾಕಿದರೆ 12 ಸೆಂಟಿಮೀಟರ್ ನೀರು ನಿಲ್ಲುವ ತೊಟ್ಟಿ ನೆಲದಡಿ ಸಿಕ್ಕಂತೆ. ನಮ್ಮ 18 ಚದರ ಮೀಟರಿಗೆ 2,160 ಲೀಟರ್. ಪೇವರ್ ಜಾಗಕ್ಕೂ ಮನೆ ಪಕ್ಕದ ಗಟ್ಟಿ ಜಾಗಕ್ಕೂ ಸೇರಿ 40 ಮಿಲಿಮೀಟರ್ ಮಳೆಗೆ ಬರುವುದು 1,080 ಲೀಟರ್. ಅರ್ಧ ತೊಟ್ಟಿ. ಪೂರ್ತಿ ತುಂಬಿದರೂ ಗಂಟೆಗೆ 2 ಮಿಲಿಮೀಟರಿನಂತೆ 60 ಗಂಟೆಯಲ್ಲಿ ಖಾಲಿ. ಎರಡು ಮೂರು ದಿನದೊಳಗೆ ಖಾಲಿಯಾದರೆ ಸಾಕು ಅನ್ನುವುದು ಈ ಕೆಲಸದಲ್ಲಿ ಒಪ್ಪಿದ ಲೆಕ್ಕ.

ಮೇಸ್ತ್ರಿ ಬಕೆಟ್ಟನ್ನು ಎರಡು ಸಲ ಅಲುಗಾಡಿಸಿ ನೋಡಿದರು. ಆಮೇಲೆ ನನಗಿಂತ ಜಾಸ್ತಿ ಉತ್ಸಾಹ ಅವರಿಗೇ ಬಂತು.

ಅಗೆದ ತಳವನ್ನು ಮಟ್ಟ ಮಾಡಿದೆವು. ಮೇಲೆ ಇಳಿಜಾರಿದ್ದರೂ ತಳ ಮಟ್ಟಸವಾಗಿರಬೇಕು. ಇಲ್ಲದಿದ್ದರೆ ಜಲ್ಲಿಯೊಳಗಿನ ನೀರೆಲ್ಲ ತಗ್ಗಿನ ಮೂಲೆಗೆ ಓಡಿ, ಅರ್ಧ ತೊಟ್ಟಿ ಸುಮ್ನೆ ಖಾಲಿ ಉಳಿಯುತ್ತದೆ. ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆವು, ನೀರು ಬಿಟ್ಟು ಮಣ್ಣು ತಡೆಯುವಂಥದ್ದು. ಜೇಡಿಮಣ್ಣು ಮೇಲೆದ್ದು ಜಲ್ಲಿಯ ಸಂದು ತುಂಬದಿರಲಿ ಅಂತ. ಅದರ ಮೇಲೆ ದಪ್ಪ ಜಲ್ಲಿ, ಮೇಲೆ ಬೇಬಿ ಜಲ್ಲಿ, ಕೊನೆಗೆ ಪೇವರ್. ಮನೆ ಕಡೆಯ ತುದಿಯಲ್ಲಿ, ಜಲ್ಲಿಯ ಮೇಲ್ಭಾಗದ ಮಟ್ಟಕ್ಕೆ, ಒಂದು ತೂತು ಪೈಪು. ತೊಟ್ಟಿ ತುಂಬಿದರೆ ನೀರು ಪಕ್ಕದ ತೋಟದ ತಗ್ಗಿಗೆ ಹೋಗುತ್ತದೆ. ಈ ಪೈಪು ಇಲ್ಲದೆ ಜೇಡಿಮಣ್ಣಿನ ಮೇಲೆ ಈ ಕೆಲಸ ಮಾಡಲೇಬಾರದು.

ಒಡೆದ ಕಾಂಕ್ರೀಟ್ ಸುಮಾರು 8 ಟನ್ ಬಂತು. ಅದನ್ನೇ ಪುಡಿ ಮಾಡಿ ಜಲ್ಲಿಯ ಬದಲು ಕೆಳಗೆ ಹಾಕುವ ಆಸೆ ಇತ್ತು. ಹಾಕಲಿಲ್ಲ. ಒಡೆದ ಕಾಂಕ್ರೀಟಿನಲ್ಲಿ ಪುಡಿ ಜಾಸ್ತಿ, ಅದು ತೂತು ಮುಚ್ಚುತ್ತದೆ. ಹಾದು ಬರುವ ನೀರೂ ಕ್ಷಾರವಾಗುತ್ತದೆ. ಗಟ್ಟಿ ಹಾಸಿನ ಕೆಳಗಾದರೆ ಧಾರಾಳವಾಗಿ ಬಳಸಬಹುದಿತ್ತು. ನಾವು ದೊಡ್ಡ ತುಂಡುಗಳನ್ನು ತೋಟದ ಅಂಚಿಗೆ ಮೊಣಕಾಲೆತ್ತರದ ಕಟ್ಟೆಯಾಗಿ ಒಣದಾಗಿ ಪೇರಿಸಿದೆವು.

ಎಡವಿದ್ದು ಎಲ್ಲಿ

ಮೊದಲ ಎಡವಟ್ಟು ಲಾರಿಯಿಂದ ಇಳಿಯಿತು. ಬಂದ ಜಲ್ಲಿ ತುಂಬ ಡಸ್ಟ್. ಒಂದು ಹಿಡಿ ಬಕೆಟ್ ನೀರಿಗೆ ಹಾಕಿ ಕದಡಿದರೆ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಆ ಲೋಡ್ ವಾಪಸ್ ಕಳಿಸಿದೆವು. ಎರಡನೆಯದು, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಬ್ಬ ಹುಡುಗ ಪೇವರ್ ಸಂದುಗಳಿಗೆ ನುಣ್ಣನೆ ಮರಳು ಗುಡಿಸುತ್ತಿದ್ದ. ಮಾಮೂಲಿ ಇಂಟರ್‌ಲಾಕ್ ಕೆಲಸದಲ್ಲಿ ಅದೇ ಸರಿ, ಅವನ ತಪ್ಪೇನಿಲ್ಲ. ಇಲ್ಲಿ ಸಂದಿಗೆ ಹಾಕಬೇಕಾದದ್ದು ಸಣ್ಣ ಕಲ್ಲಿನ ಚೂರು. ಎರಡು ಸಾಲು ಕಿತ್ತು ಮತ್ತೆ ಹಾಕಿದೆವು.

ಮೂರನೆಯದು ಪೂರ್ತಿ ನನ್ನದೇ. ಅಗೆದ ಮಣ್ಣು 8 ಘನ ಮೀಟರ್ ಇತ್ತು. ಹೊರಗೆ ಸಾಗಿಸಿ ಡೀಸೆಲ್ ಯಾಕೆ ಸುಡಬೇಕು ಅಂತ, ಪೇವರ್ ಪಕ್ಕದಲ್ಲೇ ದಿಬ್ಬ ಮಾಡಿ ಗಿಡ ನೆಡುವ ಯೋಜನೆ ಹಾಕಿದೆ. ಗಿಡ ಬೇರು ಬಿಡುವ ಮೊದಲೇ ಮಳೆ ಬಂತು. ದಿಬ್ಬದ ಜೇಡಿ ಕರಗಿ ಪೇವರ್ ಮೇಲೆ ಹರಡಿ ಸಂದುಗಳಲ್ಲಿ ಕೂತಿತು. ಆ ಮೂಲೆಯಲ್ಲಿ, ನೀರು ಇಂಗಿಸಲೆಂದೇ ಇಷ್ಟೆಲ್ಲ ಮಾಡಿದ ಜಾಗದಲ್ಲಿ, ನೀರು ನಿಂತಿತು. ಅಮ್ಮ ಕಿಟಕಿಯಿಂದ ನೋಡಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಪುಣ್ಯಕ್ಕೆ ಕೊಳೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಸಂದಿನ ಮೇಲಿನ ಎರಡು ಸೆಂಟಿಮೀಟರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ವ್ಯಾಕ್ಯೂಮ್ ಮೆಷಿನ್ನಿನಿಂದ ಚೂರುಗಳನ್ನು ಕೊಳೆ ಸಮೇತ ಎಳೆದು, ಹೊಸ ಚೂರು ತುಂಬಿದೆವು. ಒಂದು ಬಕೆಟ್ ನೀರು ಸುರಿದರೆ ಮತ್ತೆ ಕಣ್ಣೆದುರೇ ಮಾಯವಾಯಿತು. ಜೋರಾಗಿ ನೀರು ಬಿಟ್ಟು ತೊಳೆದಿದ್ದರೆ ಕೊಳೆ ಇನ್ನೂ ಒಳಗೆ ಹೋಗುತ್ತಿತ್ತು. ದಿಬ್ಬವನ್ನು ಕಟ್ಟೆಯ ಆಚೆಗೆ ಸರಿಸಿ, ಮೇಲೆ ಒಣ ಎಲೆ ಹೊದಿಸಿದೆ.

ಪಟ್ಟಿಗಳ ನಡುವಿನ ಹುಲ್ಲೂ ಮೊದಲ ಸಲ ಸತ್ತಿತು. ವರ್ಷಗಟ್ಟಲೆ ಕಾಂಕ್ರೀಟಿನಡಿ ಇದ್ದ ಮಣ್ಣು ಇಟ್ಟಿಗೆಯ ಹಾಗಿತ್ತು, ಗುದ್ದಲಿಗೂ ಬಗ್ಗದು. 20 ಸೆಂಟಿಮೀಟರ್ ಆಳ ಸಡಿಲಿಸಿ, ಗೊಬ್ಬರ ಬೆರೆಸಿ, ಮಣ್ಣಿನ ಮಟ್ಟವನ್ನು ಪಟ್ಟಿಗಿಂತ 3 ಸೆಂಟಿಮೀಟರ್ ಕೆಳಗೆ ಇಟ್ಟ ಮೇಲೆ ನಿಂತಿತು. ಆ ತಗ್ಗು ಬೇಕು. ಪಟ್ಟಿಯ ಮೇಲಿನ ನೀರು ಅದರೊಳಗೆ ಇಳಿಯುತ್ತದೆ, ಮಣ್ಣು ಹೊರಗೆ ಬರುವುದಿಲ್ಲ.

ಎರಡು ಮಳೆಗಾಲ ಆದ ಮೇಲೆ

ಮೆಟ್ಟಿಲ ಬಳಿ ನೀರು ಬಂದಿಲ್ಲ. ತೂತು ಪೈಪಿನಿಂದ ತೋಟಕ್ಕೆ ನೀರು ಹೋದದ್ದು ಒಂದೇ ಸಲ, ಎರಡು ದಿನ ಬಿಡದೆ ಸುರಿದಾಗ. ಬಿಸಿಲಿನ ದಿನ ಅಂಗಳದ ಝಳ ಮೊದಲಿನಷ್ಟಿಲ್ಲ ಅಂತ ಅಮ್ಮನ ಅಭಿಪ್ರಾಯ, ನಾನು ಅಳೆದು ನೋಡಿಲ್ಲ.

ಕೆಲಸ ಮಾತ್ರ ಜಾಸ್ತಿಯಾಗಿದೆ. ವರ್ಷಕ್ಕೆ ಎರಡು ಸಲ ಸಂದುಗಳ ಕೊಳೆ ಎಳೆಯಬೇಕು, ಬಿದ್ದ ಎಲೆ ಕೊಳೆಯುವ ಮೊದಲೇ ಗುಡಿಸಬೇಕು, ಕಳೆಯನ್ನು ಕೈಯಲ್ಲೇ ಕೀಳಬೇಕು. ಕಳೆನಾಶಕ ಹೊಡೆದರೆ ಅದು ನೇರ ನೆಲದೊಳಗೆ ಇಳಿಯುತ್ತದೆ. ಅದೇ ಕಾರಣಕ್ಕೆ ಕಾರಿನ ಎಣ್ಣೆ ಸೋರಿಕೆಯನ್ನೂ ಈಗ ಆವತ್ತೇ ರಿಪೇರಿ ಮಾಡಿಸುತ್ತೇನೆ. ಮೊದಲು ತಿಂಗಳುಗಟ್ಟಲೆ ಬಿಡುತ್ತಿದ್ದೆ.

ಗೇಟಿನ ಹತ್ತಿರ ಸಾಮಾನು ತಂದ ಲಾರಿಯೊಂದು ಹಿಂದಕ್ಕೆ ಬರುವಾಗ ಸಣ್ಣ ಪಟ್ಟಿಯ ಮೂಲೆ ಮುರಿಯಿತು. ಕಾರಿನ ಭಾರಕ್ಕೆ ಮಾಡಿದ 10 ಸೆಂಟಿಮೀಟರ್ ಕಾಂಕ್ರೀಟ್, ಅದೂ ಅಂಚಿಗೆ ಆಸರೆ ಇಲ್ಲದ್ದು. ಹೊಸದಾಗಿ ಮಾಡುವವರು ಗೇಟಿನ ಮೊದಲ ಎರಡು ಮೀಟರ್ ಪೂರ್ತಿ ಅಗಲ ಬಿಡುವುದು ವಾಸಿ. ಮೇಸ್ತ್ರಿ ಬಂದು ನೋಡಿದರು. ಸಿಮೆಂಟ್ ತರುತ್ತಾರೆ ಅಂದುಕೊಂಡೆ. “ಇರಲಿ ಬಿಡಿ ಸರ್, ಟೈರು ಅಲ್ಲಿಗೆ ಬರಲ್ಲ,” ಅಂತ ಮುರಿದ ತುಂಡನ್ನು ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಇಟ್ಟರು. ಆ ಮೂಲೆಯಲ್ಲಿ ಈಗ ಹುಲ್ಲು ಬಂದಿದೆ.